ನಾಲ್ಕು ಸಲ ಮೇಲೆ, ನಾಲ್ಕು ಸಲ ಕೆಳಗೆ: ಇಂಗ್ಲೆಂಡಿನ ಕೆಳ ಲೀಗ್‌ನಲ್ಲಿ ಒಬ್ಬ ಮಿಡ್‌ಫೀಲ್ಡರ್‌ನ 18 ವರ್ಷ

ಮ್ಯಾಟ್ ಬ್ಲೂಮ್‌ಫೀಲ್ಡ್ ವಿಕಂ ವಾಂಡರರ್ಸ್ ಕ್ಲಬ್‌ನಲ್ಲಿ 18 ವರ್ಷ ಆಡಿದರು. ಅಷ್ಟರಲ್ಲಿ ಆ ಕ್ಲಬ್ ನಾಲ್ಕು ಸಲ ಮೇಲಿನ ಡಿವಿಷನ್‌ಗೆ ಏರಿತು, ನಾಲ್ಕು ಸಲ ಕೆಳಗೆ ಇಳಿಯಿತು. ಆರು ಜನ ಮ್ಯಾನೇಜರ್‌ಗಳು, ಅಂದರೆ ಮುಖ್ಯ ಕೋಚ್‌ಗಳು, ಬಂದರು. 550ಕ್ಕೂ ಜಾಸ್ತಿ ಪಂದ್ಯ ಆಡಿದ ಈ ಮಿಡ್‌ಫೀಲ್ಡರ್ ಪ್ರೀಮಿಯರ್ ಲೀಗ್‌ನಲ್ಲಿ ಒಂದು ನಿಮಿಷವೂ ಆಡಲಿಲ್ಲ.

ಇದನ್ನು ಕೇಳಿದ ತಕ್ಷಣ "ಪಾಪ, ಮೇಲೆ ಹೋಗೋಕೆ ಆಗಲಿಲ್ಲ" ಅನ್ನಿಸಬಹುದು. ಹಾಗೆ ಅನ್ನಿಸೋದು ನಾವು ನೋಡುವ ಇಂಗ್ಲಿಷ್ ಫುಟ್‌ಬಾಲ್ ಬರೀ 20 ಕ್ಲಬ್‌ಗಳದ್ದು ಎಂಬ ಕಾರಣಕ್ಕೆ. ಆ 20ರ ಕೆಳಗೆ ಇನ್ನೂ 72 ವೃತ್ತಿಪರ ಕ್ಲಬ್‌ಗಳಿವೆ. ಅಲ್ಲಿ ಸಾವಿರಕ್ಕೂ ಹೆಚ್ಚು ಆಟಗಾರರು ಸಂಬಳಕ್ಕೆ ಆಡುತ್ತಾರೆ. ಅವರ ವೃತ್ತಿಗೆ ಅದರದ್ದೇ ಲೆಕ್ಕಾಚಾರ ಇದೆ, ಅದರದ್ದೇ ಭಯಗಳಿವೆ. ಆ ಲೆಕ್ಕದಲ್ಲಿ ನೋಡಿದರೆ 18 ವರ್ಷ ಉಳಿದುಕೊಳ್ಳೋದು ದೊಡ್ಡ ಸಾಧನೆ. ಹೇಗೆ ಅಂತ ನೋಡೋಣ.

ಮೊದಲು ಮೆಟ್ಟಿಲುಗಳ ಪರಿಚಯ. ಮೇಲೆ ಪ್ರೀಮಿಯರ್ ಲೀಗ್. ಅದರ ಕೆಳಗೆ ಚಾಂಪಿಯನ್‌ಶಿಪ್, ಅದರ ಕೆಳಗೆ ಲೀಗ್ ಒನ್, ಆಮೇಲೆ ಲೀಗ್ ಟೂ. ಅಂದರೆ ಲೀಗ್ ಒನ್ ಮೂರನೇ ದರ್ಜೆ, ಲೀಗ್ ಟೂ ನಾಲ್ಕನೆಯದು. ಈ ಹೆಸರುಗಳು 2004ರಲ್ಲಿ ಬಂದವು, ಹೊಸಬರಿಗೆ ಇಂದಿಗೂ ಗೊಂದಲ ಆಗುತ್ತದೆ. ಈ ಮೂರರಲ್ಲೂ 24 ತಂಡಗಳು, ತಂಡಕ್ಕೆ 46 ಲೀಗ್ ಪಂದ್ಯ. ಪ್ರೀಮಿಯರ್ ಲೀಗ್‌ಗಿಂತ ಎಂಟು ಜಾಸ್ತಿ. ಶನಿವಾರ ಆಡಬೇಕು, ಎಷ್ಟೋ ವಾರ ಮಂಗಳವಾರ ರಾತ್ರಿ ಮತ್ತೆ ಆಡಬೇಕು. ಪ್ರತಿ ವರ್ಷ ಒಂದಷ್ಟು ತಂಡಗಳು ಏರುತ್ತವೆ, ಒಂದಷ್ಟು ಇಳಿಯುತ್ತವೆ. ಲೀಗ್ ಟೂನಲ್ಲಿ ಮೊದಲ ಮೂರು ತಂಡಗಳು ನೇರವಾಗಿ ಮೇಲೆ ಹೋಗುತ್ತವೆ. ನಂತರದ ನಾಲ್ಕು ತಂಡಗಳು ಪ್ಲೇಆಫ್ ಆಡಿ, ಅವುಗಳಲ್ಲಿ ಒಂದು ಮೇಲೆ ಹೋಗುತ್ತದೆ. ತಳದ ಎರಡು ತಂಡಗಳು ಲೀಗ್‌ನಿಂದಲೇ ಹೊರಗೆ, ಐದನೇ ದರ್ಜೆಗೆ. ಹಾಗೆ ಹೊರಗೆ ಬಿದ್ದರೆ ಕ್ಲಬ್‌ನ ಆದಾಯ ಕುಸಿಯುತ್ತದೆ, ಆಟಗಾರರ ಕೆಲಸ ಹೋಗುತ್ತದೆ. ಕೆಳ ಲೀಗ್‌ನ ಪ್ರತಿ ಪಂದ್ಯದ ಹಿಂದೆಯೂ ಈ ಭಯ ಇರುತ್ತದೆ.

ಬ್ಲೂಮ್‌ಫೀಲ್ಡ್ ಹುಟ್ಟಿದ್ದು 1984ರಲ್ಲಿ, ಇಂಗ್ಲೆಂಡಿನ ಪೂರ್ವ ಕರಾವಳಿಯ ಫೆಲಿಕ್ಸ್‌ಟೋ ಎಂಬ ಬಂದರು ಊರಿನಲ್ಲಿ. ಹತ್ತಿರದ ದೊಡ್ಡ ಕ್ಲಬ್ ಇಪ್ಸ್‌ವಿಚ್ ಟೌನ್. ಅಲ್ಲಿನ ಅಕಾಡೆಮಿಯಲ್ಲೇ ಬೆಳೆದರು. ಆ ಕ್ಲಬ್ 2002ರಲ್ಲಿ ಪ್ರೀಮಿಯರ್ ಲೀಗ್‌ನಿಂದ ಇಳಿದು, 2003ರ ಫೆಬ್ರವರಿಯಲ್ಲಿ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. 19 ವರ್ಷದ ಹುಡುಗ ಮೊದಲ ತಂಡದಲ್ಲಿ ನೆಲೆ ಕಾಣಲು ಅದು ಒಳ್ಳೆಯ ಸಮಯ ಆಗಿರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ವಿಕಂ ವಾಂಡರರ್ಸ್ ಕರೆಯಿತು. ಕರೆದವರು ಆರ್ಸೆನಲ್ ಮತ್ತು ಇಂಗ್ಲೆಂಡ್ ತಂಡಗಳ ನಾಯಕರಾಗಿದ್ದ ಟೋನಿ ಆಡಮ್ಸ್. ಅವರು ಮ್ಯಾನೇಜರ್ ಆಗಿ ಆಗಷ್ಟೇ ಅಲ್ಲಿಗೆ ಬಂದಿದ್ದರು.

ಹೈ ವಿಕಂ ಎನ್ನುವುದು ಲಂಡನ್ನಿನ ವಾಯವ್ಯಕ್ಕಿರುವ ಊರು. ಹಿಂದೆ ಕುರ್ಚಿ ಮಾಡುವ ಕೆಲಸಕ್ಕೆ ಹೆಸರಾಗಿತ್ತು, ಹಾಗಾಗಿ ತಂಡವನ್ನು ಇವತ್ತಿಗೂ 'ಚೇರ್‌ಬಾಯ್ಸ್' ಅಂತಲೇ ಕರೆಯುತ್ತಾರೆ. ಆಡಮ್ಸ್ ಪಾರ್ಕ್ ಮೈದಾನ ಒಂದು ಇಂಡಸ್ಟ್ರಿಯಲ್ ಎಸ್ಟೇಟ್‌ನ ತುದಿಯಲ್ಲಿದೆ. ಸುಮಾರು 10 ಸಾವಿರ ಜನ ಹಿಡಿಸುತ್ತಾರೆ. ಕ್ಲಬ್ ಲೀಗ್‌ಗೆ ಬಂದದ್ದೇ 1993ರಲ್ಲಿ, ಮಾರ್ಟಿನ್ ಓನೀಲ್ ಮ್ಯಾನೇಜರ್ ಆಗಿದ್ದಾಗ. ಬ್ಲೂಮ್‌ಫೀಲ್ಡ್ ಬಂದ ವರ್ಷವೇ ತಂಡ ತಳಕ್ಕೆ ಬಿದ್ದು ನಾಲ್ಕನೇ ದರ್ಜೆಗೆ ಇಳಿಯಿತು. ವೃತ್ತಿಯ ಮೊದಲ ಪೂರ್ತಿ ಅನುಭವವೇ ಇಳಿಕೆ.

ಈಗ ಆಟದ ವಿಷಯಕ್ಕೆ ಬರೋಣ. ಮಿಡ್‌ಫೀಲ್ಡರ್ ಅಂದರೆ ಟಿವಿಯಲ್ಲಿ ನಮಗೆ ಕಾಣುವುದು ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು, ತಲೆ ಎತ್ತಿ ನೋಡಿ, ಅಳೆದು ಪಾಸ್ ಕೊಡುವ ಆಟಗಾರ. ಕೆಳ ಲೀಗ್‌ನಲ್ಲಿ ಅಷ್ಟು ಸಮಯ ಸಿಗೋದಿಲ್ಲ. ಜನವರಿಯಲ್ಲಿ ಮೈದಾನ ಕೆಸರಾಗಿರುತ್ತದೆ, ಗಾಳಿ ಜೋರಾಗಿರುತ್ತದೆ. ಹಿಂದಿನಿಂದ ಸಣ್ಣ ಸಣ್ಣ ಪಾಸ್ ಕೊಟ್ಟುಕೊಂಡು ಬರೋದು ಅಪಾಯ. ಹಾಗಾಗಿ ಚೆಂಡು ಗಾಳಿಯಲ್ಲಿ ಜಾಸ್ತಿ ಹೋಗುತ್ತದೆ. ಗೋಲ್‌ಕೀಪರ್ ಉದ್ದಕ್ಕೆ ಒದೆಯುತ್ತಾನೆ. ತನ್ನ ತಂಡದ ಸ್ಟ್ರೈಕರ್, ಎದುರಾಳಿ ಡಿಫೆಂಡರ್ ಇಬ್ಬರೂ ಹಾರುತ್ತಾರೆ. ಯಾರ ತಲೆಗೋ ತಗುಲಿ ಚೆಂಡು ಹತ್ತು ಹದಿನೈದು ಗಜ ದೂರ ಎಲ್ಲೋ ಬೀಳುತ್ತದೆ. ಹೀಗೆ ಬೀಳುವ ಚೆಂಡನ್ನು ಅಲ್ಲಿನವರು 'ಸೆಕೆಂಡ್ ಬಾಲ್' ಅನ್ನುತ್ತಾರೆ. ಅದು ಯಾರಿಗೆ ಸಿಕ್ಕಿತು ಅನ್ನೋದರ ಮೇಲೆ ಪಂದ್ಯ ನಿಂತಿರುತ್ತದೆ.

ಈ ಸೆಕೆಂಡ್ ಬಾಲ್ ಹಿಡಿಯೋದು ಅದೃಷ್ಟ ಅಲ್ಲ. ಸ್ಟ್ರೈಕರ್ ಹಾರುವಾಗ ಯಾವ ಭುಜ ಮುಂದೆ ಮಾಡಿದ, ಡಿಫೆಂಡರ್ ಹಿಂದಿನಿಂದ ಬಂದನೋ ಪಕ್ಕದಿಂದಲೋ, ಗಾಳಿ ಯಾವ ಕಡೆಗಿದೆ ಎಂಬುದನ್ನೆಲ್ಲ ಗಮನಿಸಿ, ಚೆಂಡು ಬೀಳುವ ಮೊದಲೇ ಮಿಡ್‌ಫೀಲ್ಡರ್ ಹೊರಟಿರಬೇಕು. ಬಿದ್ದ ಮೇಲೆ ಓಡಿದರೆ ತಡವಾಯಿತು. ಹತ್ತು ಸಲ ಓಡಿದರೆ ಆರು ಸಲ ಚೆಂಡು ಬೇರೆ ಕಡೆ ಬೀಳುತ್ತದೆ. ಆದರೂ ಹನ್ನೊಂದನೇ ಸಲ ಓಡಬೇಕು. 2016ರಲ್ಲಿ ಅಡೆಬಾಯೊ ಅಕಿನ್‌ಫೆನ್ವಾ ವಿಕಂಗೆ ಬಂದ ಮೇಲೆ ಈ ಆಟ ಚೆನ್ನಾಗಿ ಕೂಡಿಬಂತು. ನೂರು ಕೆಜಿ ಆಸುಪಾಸಿನ ಮೈಕಟ್ಟು. ಅವರ ಎದೆಗೆ ಬಂದ ಚೆಂಡನ್ನು ಕಿತ್ತುಕೊಳ್ಳೋದು ಡಿಫೆಂಡರ್‌ಗಳಿಗೆ ಕಷ್ಟ. ಅವರು ಚೆಂಡನ್ನು ಕೆಳಗಿಳಿಸುವಾಗ ಪಕ್ಕದಲ್ಲಿ ಯಾರಾದರೂ ಇರಲೇಬೇಕು. ಆ ಓಟಕ್ಕೆ ಚಪ್ಪಾಳೆ ಬರುವುದು ಕಡಿಮೆ, ಹೈಲೈಟ್ಸ್‌ನಲ್ಲಂತೂ ಅದು ಕಾಣೋದೇ ಇಲ್ಲ. ನನಗೆ ಫುಟ್‌ಬಾಲ್‌ನಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಕೆಲಸ ಇದೇ.

ಮೈದಾನದ ಹೊರಗಿನ ಕಷ್ಟ ಬೇರೆ. ಆಟಗಾರರ ಕಾಂಟ್ರಾಕ್ಟ್ ಮುಗಿಯೋದು ಜೂನ್ 30ಕ್ಕೆ. ಮೇ ತಿಂಗಳಲ್ಲಿ ಪ್ರತಿ ಕ್ಲಬ್ ಒಂದು ಪಟ್ಟಿ ಹೊರಡಿಸುತ್ತದೆ. ಯಾರನ್ನು ಉಳಿಸಿಕೊಂಡಿದ್ದೇವೆ, ಯಾರಿಗೆ ಹೊಸ ಕಾಂಟ್ರಾಕ್ಟ್ ಕೊಡ್ತೀವಿ, ಯಾರನ್ನು ಬಿಡ್ತೀವಿ ಅಂತ. ಇದಕ್ಕೆ 'ರಿಟೇನ್ಡ್ ಲಿಸ್ಟ್' ಅಂತ ಹೆಸರು. ದೊಡ್ಡ ಕ್ಲಬ್‌ಗಳಲ್ಲಿ ನಾಲ್ಕೈದು ವರ್ಷದ ಕಾಂಟ್ರಾಕ್ಟ್ ಸಾಮಾನ್ಯ. ಕೆಳಗೆ ಒಂದು ವರ್ಷ, ಎರಡು ವರ್ಷ. ಕೆಲವರಿಗೆ ಬರೀ ಆರು ತಿಂಗಳು. ಹಾಗಾಗಿ ಬೇಸಿಗೆ ಬಂತೆಂದರೆ ನೂರಾರು ಆಟಗಾರರು ಒಟ್ಟಿಗೆ ಕೆಲಸ ಹುಡುಕುತ್ತಾರೆ. ಮನೆ ಬಾಡಿಗೆ, ಮಕ್ಕಳ ಶಾಲೆ ಎಲ್ಲವೂ ಒಂದು ಫೋನ್ ಕರೆಯ ಮೇಲೆ ನಿಂತಿರುತ್ತದೆ.

ಜುಲೈನಲ್ಲಿ ಕ್ಲಬ್‌ಗಳು ಸ್ನೇಹಪರ ಪಂದ್ಯ ಆಡುವಾಗ ತಂಡದ ಪಟ್ಟಿ ಗಮನಿಸಿ. ಹೆಸರಿನ ಜಾಗದಲ್ಲಿ ಸುಮ್ನೆ 'ಟ್ರಯಲಿಸ್ಟ್' ಅಂತ ಇರುತ್ತದೆ. ಒಬ್ಬರಿಗಿಂತ ಜಾಸ್ತಿ ಇದ್ದರೆ 'ಟ್ರಯಲಿಸ್ಟ್ ಎ', 'ಟ್ರಯಲಿಸ್ಟ್ ಬಿ'. ಅವರು ಕೆಲಸ ಹುಡುಕುತ್ತಿರುವ ವೃತ್ತಿಪರ ಆಟಗಾರರು. ಇನ್ನೂರು ಮುನ್ನೂರು ಲೀಗ್ ಪಂದ್ಯ ಆಡಿದವರೂ ಹೀಗೆ ಹೆಸರಿಲ್ಲದೆ 45 ನಿಮಿಷ ಆಡಿ ತಮ್ಮನ್ನು ತೋರಿಸಿಕೊಳ್ಳಬೇಕಾಗುತ್ತದೆ.

ಇದರ ಹಿಂದೆ ಒಂದು ಇತಿಹಾಸ ಇದೆ. ಮೊದಲೆಲ್ಲ ಕಾಂಟ್ರಾಕ್ಟ್ ಮುಗಿದರೂ ಆಟಗಾರನ ನೋಂದಣಿ ಕ್ಲಬ್ ಕೈಯಲ್ಲೇ ಇರುತ್ತಿತ್ತು. ಬೇರೆ ಕ್ಲಬ್ ಹಣ ಕೊಡದೆ ಅವನು ಹೋಗುವ ಹಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಆ ಪದ್ಧತಿಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1963ರಲ್ಲಿ, ಜಾರ್ಜ್ ಈಸ್ಟ್‌ಹ್ಯಾಮ್ ಕೋರ್ಟಿಗೆ ಹೋದಾಗ. ಆಮೇಲೆ ಬೆಲ್ಜಿಯಂನ ಜೀನ್-ಮಾರ್ಕ್ ಬೋಸ್ಮನ್ ಎಂಬ ಮಿಡ್‌ಫೀಲ್ಡರ್ ಯುರೋಪಿನ ನ್ಯಾಯಾಲಯದವರೆಗೂ ಹೋರಾಡಿದರು. 1995ರ ಡಿಸೆಂಬರ್‌ನಲ್ಲಿ ತೀರ್ಪು ಬಂತು: ಕಾಂಟ್ರಾಕ್ಟ್ ಮುಗಿದ ಆಟಗಾರ ಸ್ವತಂತ್ರ. ದೊಡ್ಡ ತಾರೆಗಳಿಗೆ ಇದರಿಂದ ಭಾರಿ ಲಾಭವಾಯಿತು, ಟ್ರಾನ್ಸ್‌ಫರ್ ಹಣ ಉಳಿದು ಅವರ ಸಂಬಳ ಏರಿತು. ಕೆಳಗೆ ಆಟಗಾರನಿಗೆ ಸ್ವಾತಂತ್ರ್ಯ ಸಿಕ್ಕಿತು, ಸಂಬಳ ಅಷ್ಟೇನೂ ಏರಲಿಲ್ಲ. ತೀರ್ಪು ಸರಿಯಾದದ್ದೇ. ಫಲ ಮಾತ್ರ ಎಲ್ಲರಿಗೂ ಒಂದೇ ಥರ ಹಂಚಿಕೆಯಾಗಲಿಲ್ಲ.

ಹಣದ ಮಾತು ಬಂತಲ್ವಾ, ಒಂದು ಲೆಕ್ಕ ಹಾಕೋಣ. 1961ರವರೆಗೆ ಇಂಗ್ಲೆಂಡಿನಲ್ಲಿ ಎಷ್ಟೇ ದೊಡ್ಡ ಆಟಗಾರನಿಗೂ ವಾರಕ್ಕೆ 20 ಪೌಂಡ್ ಮೀರಿ ಸಂಬಳ ಕೊಡುವ ಹಾಗಿರಲಿಲ್ಲ. ಆಟಗಾರರ ಸಂಘ ಹೋರಾಡಿ ಆ ಮಿತಿ ತೆಗೆಸಿತು. ಅಲ್ಲಿಂದ ಮೇಲಿನವರ ಮತ್ತು ಕೆಳಗಿನವರ ದಾರಿ ಬೇರೆ ಬೇರೆಯಾಯಿತು. 2020ರ ಆಗಸ್ಟ್‌ನಲ್ಲಿ ಕೋವಿಡ್ ಹೊಡೆತಕ್ಕೆ ಸಿಕ್ಕ ಕೆಳ ಕ್ಲಬ್‌ಗಳು ಮತ್ತೆ ಒಂದು ಮಿತಿ ತಂದವು. ಲೀಗ್ ಟೂ ಕ್ಲಬ್ ಒಂದು ವರ್ಷಕ್ಕೆ ಇಡೀ ತಂಡದ ಮೇಲೆ 15 ಲಕ್ಷ ಪೌಂಡ್ ಮೀರಿ ಖರ್ಚು ಮಾಡುವಂತಿಲ್ಲ, ಬೋನಸ್, ಏಜೆಂಟ್ ಶುಲ್ಕ ಎಲ್ಲ ಸೇರಿ. ಲೀಗ್ ಒನ್‌ಗೆ 25 ಲಕ್ಷ. ತಂಡದಲ್ಲಿ 22 ಜನ ಅಂದುಕೊಂಡರೆ ಲೀಗ್ ಟೂನಲ್ಲಿ ತಲೆಗೆ ಸುಮಾರು 68 ಸಾವಿರ ಪೌಂಡ್, ಅದೂ ಮಿತಿ ಮುಟ್ಟಿದರೆ ಮಾತ್ರ. ಪ್ರೀಮಿಯರ್ ಲೀಗ್‌ನ ದೊಡ್ಡ ತಾರೆಗಳು ಅದಕ್ಕಿಂತ ಜಾಸ್ತಿ ಹಣವನ್ನು ಒಂದೇ ವಾರದಲ್ಲಿ ಪಡೆಯುತ್ತಾರೆ. ಆಟಗಾರರ ಸಂಘ ಈ ಮಿತಿಯನ್ನೂ ಪ್ರಶ್ನಿಸಿತು, 2021ರ ಫೆಬ್ರವರಿಯಲ್ಲಿ ಅದು ರದ್ದಾಯಿತು.

ಸಾಮಾನ್ಯ ಇಂಗ್ಲಿಷ್ ಕೆಲಸಗಾರನ ಜೊತೆ ಹೋಲಿಸಿದರೆ ಇದು ಕಡಿಮೆ ಸಂಬಳವೇನಲ್ಲ. ಆದರೆ ಈ ಕೆಲಸ 35ರ ಹೊತ್ತಿಗೆ ಮುಗಿಯುತ್ತದೆ, ಅದೂ ಮೈ ಸಹಕರಿಸಿದರೆ. ಜೀವನಪೂರ್ತಿಗೆ ಸಾಕಾಗುವ ಹಣ ಇಲ್ಲಿ ಹುಟ್ಟೋದಿಲ್ಲ.

ಈ ಲೋಕದಲ್ಲಿ ಎಲ್ಲರಿಗೂ ನೆನಪಿರುವುದು ಒಂದು ದಿನದ ಹೀರೋಗಳು. ವಿಕಂನಲ್ಲೇ ಅಂಥ ಒಂದು ಕಥೆ ಇದೆ. 2001ರಲ್ಲಿ ಎಲ್ಲ ದರ್ಜೆಯ ಕ್ಲಬ್‌ಗಳೂ ಆಡುವ ಎಫ್‌ಎ ಕಪ್ ನಾಕೌಟ್ ಟೂರ್ನಿ ನಡೆಯುತ್ತಿದ್ದಾಗ ಸ್ಟ್ರೈಕರ್‌ಗಳೆಲ್ಲ ಗಾಯಗೊಂಡರು. ಕ್ಲಬ್ ತನ್ನ ವೆಬ್‌ಸೈಟ್‌ನಲ್ಲಿ ಆಟಗಾರ ಬೇಕು ಅಂತ ಹಾಕಿತು. ಅದು ಟೆಲಿಟೆಕ್ಸ್ಟ್ ಎಂಬ ಟಿವಿ ಪರದೆಯ ಅಕ್ಷರ ಸುದ್ದಿ ಸೇವೆಯಲ್ಲಿ ಬಂದು ರಾಯ್ ಎಸಾಂಡೊ ಎಂಬಾತ ಬಂದ. ಕ್ವಾರ್ಟರ್ ಫೈನಲ್‌ನಲ್ಲಿ ಪ್ರೀಮಿಯರ್ ಲೀಗ್‌ನ ಲೆಸ್ಟರ್ ವಿರುದ್ಧ ಕೊನೆಯಲ್ಲಿ ತಲೆಯಿಂದ ಗೋಲು ಹೊಡೆದು ಗೆಲ್ಲಿಸಿಬಿಟ್ಟ. ಸೀಸನ್ ಮುಗಿದಾಗ ಅವನ ಕಾಂಟ್ರಾಕ್ಟ್ ಕೂಡ ಮುಗಿಯಿತು, ಕ್ಲಬ್ ಬಿಟ್ಟು ಹೋದ. ಇಡೀ ದೇಶ ಮಾತಾಡಿದ ಗೋಲು ಅವನಿಗೆ ಇನ್ನೊಂದು ವರ್ಷದ ಕೆಲಸ ಕೊಡಿಸಲಿಲ್ಲ.

ಬ್ಲೂಮ್‌ಫೀಲ್ಡ್ ಕಥೆ ಇದಕ್ಕೆ ಉಲ್ಟಾ. ಅವರ ಹೆಸರು ದೇಶದ ಬಾಯಿಗೆ ಬರಲಿಲ್ಲ, ಆದರೆ ಪ್ರತಿ ಬೇಸಿಗೆಯ ಪಟ್ಟಿಯಲ್ಲೂ ಉಳಿಯಿತು. ಟೋನಿ ಆಡಮ್ಸ್, ಜಾನ್ ಗೊರ್ಮನ್, ಪಾಲ್ ಲ್ಯಾಂಬರ್ಟ್, ಪೀಟರ್ ಟೇಲರ್, ಗ್ಯಾರಿ ವಾಡಕ್, ಗ್ಯಾರೆತ್ ಐನ್ಸ್‌ವರ್ತ್. ಆರು ಜನ, ಆರು ಥರದ ಯೋಚನೆ. ಹೊಸ ಮ್ಯಾನೇಜರ್ ಬಂದ ತಕ್ಷಣ ಹಿಂದಿನವರು ತಂದ ಆಟಗಾರರನ್ನು ಕಳಿಸೋದು ಈ ಲೀಗ್‌ಗಳಲ್ಲಿ ಮಾಮೂಲು. ಆರು ಜನಕ್ಕೂ ಬೇಕಾದವನಾಗಿ ಉಳಿಯಲು ಬರೀ ಪ್ರತಿಭೆ ಸಾಲದು. ಒಬ್ಬರು ಮಧ್ಯದಲ್ಲಿ ಕಾವಲು ನಿಲ್ಲು ಅಂತಾರೆ, ಇನ್ನೊಬ್ಬರು ಮುಂದೆ ಓಡು ಅಂತಾರೆ, ಮತ್ತೊಬ್ಬರು ಬೆಂಚ್ ಮೇಲೆ ಕೂರಿಸುತ್ತಾರೆ. ಎಲ್ಲವನ್ನೂ ಮಾಡಿ, ಡ್ರೆಸಿಂಗ್ ರೂಮಿನಲ್ಲಿ ಹುಡುಗರಿಗೆ ದಾರಿಯನ್ನೂ ತೋರಿಸಬೇಕು.

ಆ 18 ವರ್ಷದಲ್ಲಿ ಏನೇನಾಯಿತು ನೋಡಿ. 2007ರ ಜನವರಿಯಲ್ಲಿ, ನಾಲ್ಕನೇ ದರ್ಜೆಯಲ್ಲಿದ್ದ ವಿಕಂ ಲೀಗ್ ಕಪ್ ಎಂಬ ಇನ್ನೊಂದು ನಾಕೌಟ್ ಟೂರ್ನಿಯ ಸೆಮಿಫೈನಲ್‌ಗೆ ಹೋಗಿ ತನ್ನ ಮೈದಾನದಲ್ಲಿ ಚೆಲ್ಸಿ ಜೊತೆ 1-1 ಡ್ರಾ ಮಾಡಿಕೊಂಡಿತು. ಆಗ ಚೆಲ್ಸಿ ಇಂಗ್ಲೆಂಡಿನ ಚಾಂಪಿಯನ್. ಅದೇ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಲಂಡನ್‌ನಲ್ಲಿ 4-0ಯಿಂದ ಸೋತರು. 2009ರಲ್ಲಿ ಬರಿ (Bury) ಎಂಬ ಕ್ಲಬ್‌ಗಿಂತ ಗೋಲು ವ್ಯತ್ಯಾಸದಲ್ಲಿ (ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲುಗಳ ಅಂತರ) ಒಂದೇ ಒಂದು ಗೋಲಿನಷ್ಟು ಮುಂದಿದ್ದು ಮೇಲೆ ಹೋದರು. ಆ ಬರಿ ಕ್ಲಬ್ ಹತ್ತು ವರ್ಷದ ನಂತರ ಹಣಕಾಸಿನ ಕಾರಣಕ್ಕೆ ಲೀಗ್‌ನಿಂದಲೇ ಹೊರಹಾಕಲ್ಪಟ್ಟಿತು. 2010ರಲ್ಲಿ ವಿಕಂ ಇಳಿಯಿತು, 2011ರಲ್ಲಿ ಏರಿತು, 2012ರಲ್ಲಿ ಮತ್ತೆ ಇಳಿಯಿತು.

ಎಲ್ಲಕ್ಕಿಂತ ಹತ್ತಿರದ ಗಂಡಾಂತರ 2014ರ ಮೇ 3ರದು. ಕೊನೆಯ ದಿನ ಟಾರ್ಕಿಯಲ್ಲಿ ಪಂದ್ಯ. ವಿಕಂ ತಳದ ಎರಡು ಸ್ಥಾನಗಳಲ್ಲಿ ಒಂದರಲ್ಲಿತ್ತು. ತಾನು ಗೆದ್ದರೆ ಸಾಲದು, ಬ್ರಿಸ್ಟಲ್ ರೋವರ್ಸ್ ತಮ್ಮ ಮನೆಯಂಗಳದಲ್ಲೇ ಸೋಲಬೇಕಿತ್ತು. ವಿಕಂ 3-0 ಗೆದ್ದಿತು. ಆ ಕಡೆ ರೋವರ್ಸ್ ಮ್ಯಾನ್ಸ್‌ಫೀಲ್ಡ್‌ಗೆ 1-0 ಸೋತಿತು. ಎರಡೂ ತಂಡಕ್ಕೆ 50 ಅಂಕ. ಗೋಲು ವ್ಯತ್ಯಾಸದಲ್ಲಿ ವಿಕಂ ಉಳಿಯಿತು, ರೋವರ್ಸ್ ಲೀಗ್‌ನಿಂದ ಹೊರಗೆ ಬಿತ್ತು. ಅಂದು ಫಲಿತಾಂಶ ಬೇರೆ ಆಗಿದ್ದರೆ ಮುಂದೆ ನಡೆದ ಯಾವುದೂ ಆಗುತ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ. ಆಗ ಕ್ಲಬ್ ಅಭಿಮಾನಿಗಳ ಟ್ರಸ್ಟ್ ಕೈಯಲ್ಲಿತ್ತು, ಕೈಯಲ್ಲಿ ಕಾಸಿರಲಿಲ್ಲ.

ಮರುವರ್ಷವೇ ಅದೇ ಕ್ಲಬ್ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಪ್ಲೇಆಫ್ ಫೈನಲ್ ಆಡಿತು. ಹೆಚ್ಚುವರಿ ಸಮಯದ ಕೊನೆಗೆ, 122ನೇ ನಿಮಿಷದಲ್ಲಿ ಸೌತ್‌ಎಂಡ್ ಸಮ ಮಾಡಿಕೊಂಡು ಪೆನಾಲ್ಟಿಯಲ್ಲಿ ಗೆದ್ದಿತು. ಅಂಥ ಸೋಲಿನ ನಂತರವೂ ಆಗಸ್ಟ್‌ನಲ್ಲಿ ಮತ್ತೆ ಬಸ್ ಹತ್ತಿ, 450 ಕಿ.ಮೀ. ದೂರದ ಕಾರ್ಲೈಲ್‌ನಂಥ ಊರುಗಳಿಗೆ ಹೋಗಿ ಆಡಬೇಕು.

2018ರಲ್ಲಿ ಲೀಗ್ ಒನ್‌ಗೆ ಏರಿದರು. 2020ರಲ್ಲಿ ಕೋವಿಡ್‌ನಿಂದ ಸೀಸನ್ ಅರ್ಧಕ್ಕೆ ನಿಂತಾಗ ವಿಕಂ 8ನೇ ಸ್ಥಾನದಲ್ಲಿತ್ತು. ಆದರೆ ಉಳಿದವರಿಗಿಂತ ಕಡಿಮೆ ಪಂದ್ಯ ಆಡಿತ್ತು. ಪಂದ್ಯಕ್ಕೆ ಎಷ್ಟು ಅಂಕ ಎಂಬ ಸರಾಸರಿ ತೆಗೆದಾಗ 3ನೇ ಸ್ಥಾನಕ್ಕೆ ಬಂತು. ಪ್ಲೇಆಫ್ ಆಡಿ, ಜುಲೈ 13ರಂದು ಪ್ರೇಕ್ಷಕರೇ ಇಲ್ಲದ ವೆಂಬ್ಲಿಯಲ್ಲಿ ಆಕ್ಸ್‌ಫರ್ಡ್ ತಂಡವನ್ನು 2-1 ಸೋಲಿಸಿ, ಇತಿಹಾಸದಲ್ಲಿ ಮೊದಲ ಸಲ ಚಾಂಪಿಯನ್‌ಶಿಪ್ ತಲುಪಿತು. ಆಗ ಬ್ಲೂಮ್‌ಫೀಲ್ಡ್‌ಗೆ 36 ವರ್ಷ. ಹೆಚ್ಚಿನ ಮಿಡ್‌ಫೀಲ್ಡರ್‌ಗಳು ಬೂಟು ತೆಗೆದಿಟ್ಟಿರುವ ವಯಸ್ಸಿನಲ್ಲಿ ಅವರು ಎರಡನೇ ದರ್ಜೆಗೆ ಕಾಲಿಟ್ಟರು. ಮುಂದಿನ ವರ್ಷ ಒಂದೇ ಒಂದು ಅಂಕದಿಂದ ತಂಡ ಮತ್ತೆ ಇಳಿಯಿತು. ಅದು ನಾಲ್ಕನೇ ಇಳಿಕೆ.

ಆಟ ನಿಂತದ್ದು ಕಾಲಿನಿಂದಲ್ಲ, ತಲೆಯಿಂದ. 2021-22ರ ಸೀಸನ್ ಶುರುವಿನಲ್ಲಿ ತಲೆಗೆ ಪೆಟ್ಟಾಗಿ ಕನ್‌ಕಷನ್ ಆಯಿತು. ಅಂದರೆ ಬುರುಡೆಯೊಳಗೆ ಮೆದುಳು ಅಲುಗಿದ್ದು. ಹೊರಗೆ ಗಾಯ ಕಾಣದೇ ಇರಬಹುದು. ತಲೆನೋವು, ಮಂಕು, ಬೆಳಕು ಸದ್ದಿಗೆ ಕಿರಿಕಿರಿ ತಿಂಗಳುಗಟ್ಟಲೆ ಉಳಿಯಬಹುದು. ವಾಸಿಯಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಅಪಾಯ ಹೆಚ್ಚು. ಬ್ಲೂಮ್‌ಫೀಲ್ಡ್ ಮತ್ತೆ ಆಡಲಿಲ್ಲ. 2022ರ ಫೆಬ್ರವರಿಯಲ್ಲಿ, 38ನೇ ವಯಸ್ಸಿನಲ್ಲಿ ನಿವೃತ್ತಿ ಹೇಳಿದರು.

ಚೆಂಡು ಗಾಳಿಯಲ್ಲೇ ಇರುವ ಆಟಕ್ಕೆ ಈ ವಿಷಯ ಗಂಭೀರವಾದದ್ದು. ಗ್ಲಾಸ್ಗೋ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಾಜಿ ವೃತ್ತಿಪರ ಫುಟ್‌ಬಾಲ್ ಆಟಗಾರರು ಮೆದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಾಧ್ಯತೆ ಸಾಮಾನ್ಯರಿಗಿಂತ ಸುಮಾರು ಮೂರೂವರೆ ಪಟ್ಟು. 2021ರಿಂದ ಇಂಗ್ಲೆಂಡಿನಲ್ಲಿ ಅಭ್ಯಾಸದ ವೇಳೆ ವಾರಕ್ಕೆ ಹತ್ತಕ್ಕಿಂತ ಜಾಸ್ತಿ ಜೋರಾದ ಹೆಡರ್ (ತಲೆಯಿಂದ ಚೆಂಡು ಹೊಡೆಯೋದು) ಬೇಡ ಎಂಬ ಸೂಚನೆ ಇದೆ. ಇಷ್ಟಾಗಲು ಇಷ್ಟು ವರ್ಷ ಬೇಕಾಯಿತಲ್ಲ ಎಂಬ ಸಿಟ್ಟು ನನಗಿದೆ.

ನಿವೃತ್ತಿಯ ನಂತರ ಏನು? ಇದು ಕೆಳ ಲೀಗ್ ಆಟಗಾರರ ಅತಿ ದೊಡ್ಡ ಪ್ರಶ್ನೆ. ಕೆಲವರು ಬೇರೆ ಕಸುಬು ಹಿಡಿಯುತ್ತಾರೆ. ಕೆಲವರು ಕೋಚಿಂಗ್ ಲೈಸೆನ್ಸ್‌ಗಳನ್ನು ಒಂದೊಂದಾಗಿ ಮುಗಿಸಿ ದೇಶ ಬಿಟ್ಟು ಹೋಗುತ್ತಾರೆ. ಅಂಥ ಒಬ್ಬರು ನಮ್ಮ ಬೆಂಗಳೂರಿಗೇ ಬಂದರು. ಬೆಂಗಳೂರು ಎಫ್‌ಸಿಯ ಮೊದಲ ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಿಂದ ಹೊರಬಂದು ಕ್ರೂ, ಬ್ರಾಡ್‌ಫರ್ಡ್, ನಾರ್ತಾಂಪ್ಟನ್‌ನಂಥ ಕ್ಲಬ್‌ಗಳಲ್ಲಿ ಆಡಿದ ಡಿಫೆಂಡರ್. (ಬರ್ನ್‌ಲಿಯಲ್ಲಿ ಆಡಿದ ಮಿಡ್‌ಫೀಲ್ಡರ್ ಆ್ಯಶ್ಲಿ ವೆಸ್ಟ್‌ವುಡ್ ಬೇರೆ.) 2013ರಲ್ಲಿ ಬಂದ ಅವರು ಮೊದಲ ಸೀಸನ್‌ನಲ್ಲೇ ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆಲ್ಲಿಸಿದರು, 2015-16ರಲ್ಲಿ ಮತ್ತೆ ಗೆಲ್ಲಿಸಿದರು. ಅವರ ತಂಡದ ಡಿಫೆನ್ಸ್‌ನಲ್ಲಿ ನಿಂತಿದ್ದ ಜಾನ್ ಜಾನ್ಸನ್ ಕೂಡ ನಾರ್ತಾಂಪ್ಟನ್‌ನಲ್ಲಿ ಆಡಿದವರೇ. ಕಂಠೀರವದಲ್ಲಿ ನಾವು ಮೆಚ್ಚಿಕೊಂಡ ಆ ಶಿಸ್ತು, ಕೊನೆಯ ನಿಮಿಷದವರೆಗಿನ ಓಟ, ಇದೇ ಲೀಗ್‌ಗಳಲ್ಲಿ ಕಲಿತದ್ದು.

ಬ್ಲೂಮ್‌ಫೀಲ್ಡ್ ಇಂಗ್ಲೆಂಡಿನಲ್ಲೇ ಉಳಿದರು. 2022ರ ಸೆಪ್ಟೆಂಬರ್‌ನಲ್ಲಿ ಲೀಗ್ ಟೂನ ಕೋಲ್‌ಚೆಸ್ಟರ್ ತಂಡದ ಮ್ಯಾನೇಜರ್ ಆದರು. ಐದು ತಿಂಗಳಾಗುವಷ್ಟರಲ್ಲಿ ಐನ್ಸ್‌ವರ್ತ್ ವಿಕಂ ಬಿಟ್ಟು ಹೋದರು, ಆ ಜಾಗಕ್ಕೆ ಇವರಿಗೆ ಕರೆ ಬಂತು. 2024ರ ಏಪ್ರಿಲ್‌ನಲ್ಲಿ ತಂಡವನ್ನು ಕೆಳ ಲೀಗ್ ಕ್ಲಬ್‌ಗಳ ಟೂರ್ನಿಯಾದ ಇಎಫ್‌ಎಲ್ ಟ್ರೋಫಿಯ ಫೈನಲ್‌ಗೆ ಒಯ್ದರು, ಪೀಟರ್‌ಬರೋ ಎದುರು 2-1ರಿಂದ ಸೋತರು. ಮುಂದಿನ ಸೀಸನ್‌ನಲ್ಲಿ ವಿಕಂ ಲೀಗ್ ಒನ್‌ನ ಮೇಲ್ತುದಿಯಲ್ಲಿತ್ತು. ಹಾಗಿರುವಾಗಲೇ, 2025ರ ಜನವರಿಯಲ್ಲಿ, ಚಾಂಪಿಯನ್‌ಶಿಪ್‌ನಲ್ಲಿ ಒದ್ದಾಡುತ್ತಿದ್ದ ಲೂಟನ್ ಟೌನ್ ಅವರನ್ನು ಕರೆದುಕೊಂಡಿತು.

ಲೂಟನ್‌ನಲ್ಲಿ ಇನ್ನೊಬ್ಬ ಮಿಡ್‌ಫೀಲ್ಡರ್‌ನ ಕಥೆ ಇದೆ. ಪೆಲ್ಲಿ-ರಡಕ್ ಎಂಪಾಂಜು 2013ರಲ್ಲಿ ಆ ಕ್ಲಬ್ ಸೇರಿದಾಗ ಅದು ಐದನೇ ದರ್ಜೆಯಲ್ಲಿತ್ತು. ಹತ್ತು ವರ್ಷ ಅಲ್ಲೇ ಇದ್ದು, ಒಂದೊಂದೇ ಡಿವಿಷನ್ ಏರುತ್ತ 2023ರಲ್ಲಿ ಪ್ರೀಮಿಯರ್ ಲೀಗ್‌ನಲ್ಲಿ ಆಡಿದರು. ಒಂದೇ ಕ್ಲಬ್ ಜೊತೆ ಐದನೇ ದರ್ಜೆಯಿಂದ ಪ್ರೀಮಿಯರ್ ಲೀಗ್‌ವರೆಗೆ ಬಂದ ಮೊದಲ ಆಟಗಾರ ಅವರು. ಬ್ಲೂಮ್‌ಫೀಲ್ಡ್‌ಗೆ ಸಿಗದ ಕೊನೆಯ ಮೆಟ್ಟಿಲು ಎಂಪಾಂಜುಗೆ ಸಿಕ್ಕಿತು. ಇಬ್ಬರ ಕೆಲಸದ ರೀತಿಯಲ್ಲಿ ನನಗೆ ವ್ಯತ್ಯಾಸ ಕಾಣುವುದಿಲ್ಲ. ಕ್ಲಬ್‌ಗಳ ಹಣೆಬರಹ ಬೇರೆ ಬೇರೆಯಾಗಿತ್ತು, ಅಷ್ಟೇ.

ಲೂಟನ್ ಬೀಳುವುದನ್ನು ತಡೆಯಲು ಬ್ಲೂಮ್‌ಫೀಲ್ಡ್‌ಗೆ ಆಗಲಿಲ್ಲ. 2025ರ ಮೇನಲ್ಲಿ, ಕೊನೆಯ ದಿನ ವೆಸ್ಟ್ ಬ್ರಾಮಿಚ್ ಮೈದಾನದಲ್ಲಿ ಸೋತು ತಂಡ ಲೀಗ್ ಒನ್‌ಗೆ ಇಳಿಯಿತು. ಒಂದೇ ವರ್ಷದ ಹಿಂದೆ ಪ್ರೀಮಿಯರ್ ಲೀಗ್‌ನಲ್ಲಿದ್ದ ಕ್ಲಬ್ ಅದು. ಅಭಿಮಾನಿಗಳ ತಾಳ್ಮೆ ಮೊದಲೇ ಕರಗಿತ್ತು. ಅಕ್ಟೋಬರ್‌ನಲ್ಲಿ ಅವರನ್ನು ಕೆಲಸದಿಂದ ತೆಗೆದರು. ಆಟಗಾರನಾಗಿ ಒಂದೇ ಕ್ಲಬ್‌ನಲ್ಲಿ 18 ವರ್ಷ ಉಳಿದವರಿಗೆ ಮ್ಯಾನೇಜರ್ ಆಗಿ ಲೂಟನ್‌ನಲ್ಲಿ ಸಿಕ್ಕಿದ್ದು ಒಂಬತ್ತು ತಿಂಗಳು. ಆ ಜಾಗಕ್ಕೆ ಬಂದವರು ಜ್ಯಾಕ್ ವಿಲ್ಶೇರ್, ಆರ್ಸೆನಲ್ ಮತ್ತು ಇಂಗ್ಲೆಂಡ್ ಪರ ಆಡಿದ ಮಿಡ್‌ಫೀಲ್ಡರ್.